ಒಂದು ಕಿವಿಯಲ್ಲಿ ಅಪ್ಪನ ಹಾಡು

ಧ್ವನಿ ಸಂದೇಶ
ಸಾತಪುರ, ನಾಶಿಕ್. 11 ಆಗಸ್ಟ್ 2025, ಬೆಳಿಗ್ಗೆ

ಅಕ್ಕಾ, ನಾ ಬಸು. ನಿನಗ ಇಷ್ಟುದ್ದ ಮಾತಾಡಿ ಕಳಸೋರು ನಾನಲ್ದೆ ಮತ್ತ್ಯಾರದಾರ. ಹದಿನಾಲ್ಕನೇ ಅಧ್ಯಾಯ ಕಳಿಸೀನಿ, ನಾಕು ತುಂಡು ಅವ, ಸಾಲಾಗಿ ಕೇಳಿ ಬರಕೊ. ಮನ್ಮಾಡ್ ಸ್ಟೇಷನ್ನಿನಾಗ ಆ ಮಂದಿ ರೈಲಿಗಿ ಕಾಯೂದು ಎರಡನೇ ದಿವಸ. ಇನ್ನ ಎರಡು ಅಧ್ಯಾಯ ಆತಂದ್ರ ನಮ್ಮ ಕಾದಂಬರಿ ಮುಗೀತು. ನಮ್ಮ ಅಂತೀನಿ, ಯಾಕಂದ್ರ ನಾ ಮರಾಠಿ ಸಾಳ್ಯಾಗ ಕಲ್ತಂವ, ಕನ್ನಡ ನನ್ನ ಬಾಯಾಗ ಅದ, ಕೈಯಾಗ ಇಲ್ಲ. ಇಪ್ಪತ್ತಾರು ವರ್ಷ ಫ್ಯಾಕ್ಟರ್ಯಾಗ ಮಷೀನ್ ಗೇರಿನ ಹಲ್ಲು ಅಳದ ಕೈ ಇದು. ನಾ ಹೇಳಬೇಕು, ನೀ ಸಂಭಾಜಿನಗರದಾಗ ಕುಂತು ಬರೀಬೇಕು. ನೀ ಬರದ ಕಾಗದನೂ ಮತ್ತ ಕಟಗೊಂಡ ಹೇಣ್ತಿ ವಿದ್ಯಾನೇ ನನಗ ಓದಿ ಹೇಳಬೇಕು. ಇಂಥಾ ಕಾದಂಬರಿಕಾರ ಮತ್ತೆಲ್ಲೂ ಇರ್ಲಿಕ್ಕಿಲ್ಲ.

ಒಂದು ಮಾತು, ಬೈಬ್ಯಾಡ. ಈ ಸಲ ನನ್ನ ಮಾತಿನ ಹಿಂದ ಹಾಡು ಕೇಳಸ್ತದ. ಇಯರ್‌ಫೋನಿನ ಮ್ಯಾಲೆ ವಿದ್ಯಾ ಕುರ್ಚಿ ಎಳದಾಳ, ಮುರದು ಹೋತು. ನಿನಗ ಹೇಳಿಲ್ಲೇನು, ನನಗ ಒಂದು ಕಿವ್ಯಾಗ ಹಾಡು ಇಲ್ದಿದ್ರ ಕತಿ ಬಾಯಿಗಿ ಬರಂಗಿಲ್ಲ. ಎರಡು ವರ್ಷಾತು, ಅದೇ ಒಂದು ಹಾಡು. ಇಲ್ಲೀತನಕ ನನ್ನ ಕಿವ್ಯಾಗೇ ಇತ್ತು, ಈಗ ಸ್ಪೀಕರ್ ಮ್ಯಾಲೆ ಹಚ್ಚೀನಿ. ದನಿ ಗುರ್ತು ಹಿಡಿ ನೋಡೂನು. ನಮ್ಮಪ್ಪಂದು.

ವಿದ್ಯಾಗ ಪಾವಟಿಗಿ ಹತ್ತಿದ್ರ ದಮ್ಮು ಬರ್ಲಿಕತ್ತದ. ಗ್ಯಾಸ್ ಇರಬೇಕು. ಇಡ್ತೀನಿ, ಸೆಕೆಂಡ್ ಶಿಫ್ಟ್ ಅದ.


ಧ್ವನಿ ಸಂದೇಶ
ನಾಶಿಕ್. 19 ಆಗಸ್ಟ್ 2025

ಅಕ್ಕಾ, ಎಂಟು ದಿವಸಾತು. ನೀಲಿ ಗೀಟು ಬಿದ್ದಾವ, ಅಂದ್ರ ಕೇಳೀದಿ. ಉತ್ತರಿಲ್ಲ. ಅಧ್ಯಾಯ ಛೊಲೋ ಆಗಿಲ್ಲ ಅಂದ್ರ ಛೊಲೋ ಆಗಿಲ್ಲ ಅನ್ನು. ಸಿಟ್ಟಾಗಂಗಿಲ್ಲ. ಪ್ಲಾಟ್‌ಫಾರ್ಮಿನ ಮ್ಯಾಲೆ ಆ ಮುದುಕ ಅಷ್ಟು ಮಾತಾಡಬಾರದಿತ್ತು ಅಂತ ನನಗೂ ಅನಿಸ್ತು. ಆದ್ರ ಅಂವ ನನ್ನಂಗೇ, ಬಾಯಿ ತೆರದ್ರ ಮುಚ್ಚಂಗಿಲ್ಲ.

ನೀ ಸುಮ್ಮನಿದ್ರ ನನಗ ಅಂಜಿಕಿ ಬರ್ತದ. ಸಣ್ಣಂವ ಇದ್ದಾಗಿಂದ ಹಂಗೇ. ನೀ ಬೈದ್ರ ಏನೂ ಇಲ್ಲ, ಸುಮ್ಮಾದ್ರ ಏನೋ ಆಗ್ಯಾದ ಅಂತ ಗೊತ್ತಾಗತಿತ್ತು.

ವಿದ್ಯಾಗ ನಾಳಿಗಿ ದವಾಖಾನಿಗಿ ಕರಕೊಂಡು ಹೋಗ್ತೀನಿ. ಕಾಲು ಬಾತಾವ. ಎದಿದು ಒಂದು ಟೆಸ್ಟ್ ಮಾಡಸ್ರಿ ಅಂದಾರ.


ಛತ್ರಪತಿ ಸಂಭಾಜಿನಗರ
21 ಆಗಸ್ಟ್ 2025

ತಮ್ಮಾ ಬಸು,

ತಡವಾಯಿತು. ಇಲ್ಲಿ ಮಳೆಗೆ ಅಡುಗೆಮನೆಯ ಮೂಲೆ ಸೋರುತ್ತಿದೆ. ಜೋಳದ ಡಬ್ಬಿಗಳನ್ನೆಲ್ಲ ಒಳಕೋಣೆಗೆ ಸರಿಸಿದ್ದರಲ್ಲೇ ಒಂದು ವಾರ ಹೋಯಿತು. ಮೊಮ್ಮಗಳು ಮೃದುಲಾಳಿಗೆ ನೆಗಡಿ. ಅವಳಿಗೆ ಹುರುಳಿ ಸಾರು ಮಾಡಿಕೊಟ್ಟೆ, ಮೂಗು ಮುರಿದಳು. ಈ ಕಾಗದದ ಫೋಟೋ ತೆಗೆದು ಕಳಿಸುತ್ತಿರುವವಳೂ ಅವಳೇ.

ಅಧ್ಯಾಯ ಬರೆದುಕೊಂಡಿದ್ದೇನೆ. ಚೆನ್ನಾಗಿದೆ. ಮುದುಕ ಮಾತಾಡಲಿ, ಬಿಡು.

ಒಂದು ವಿಚಾರ. ಆ ಹಾಡು ನಿನಗೆ ಎಲ್ಲಿ ಸಿಕ್ಕಿತು? ಬರೆಯುವಾಗ ಕೇಳಲು ಬೇರೆ ಎಷ್ಟೋ ಇವೆ. ಸಿತಾರ್ ಇದೆ, ಕೊಳಲು ಇದೆ. ಮಾತಿಲ್ಲದ ಸಂಗೀತವಾದರೆ ನಿನ್ನ ಮಾತಿಗೆ ಅಡ್ಡ ಬರುವುದಿಲ್ಲ. ಅದನ್ನು ಸ್ಪೀಕರ್ ಮೇಲೆ ಹಾಕಬೇಡ. ಮನೆಯಲ್ಲಂತೂ ಬೇಡ. ಅಪ್ಪನ ದನಿ ಹಳೆಯದಾಗಿದೆ, ಕರಕರ ಎನ್ನುತ್ತದೆ, ಅಷ್ಟೇ.

ವಿದ್ಯಾಳ ಟೆಸ್ಟ್ ಏನಾಯಿತು? ವಿದ್ಯಾ, ಇದನ್ನು ಓದುತ್ತಿರುವವಳು ನೀನೇ ಅಲ್ಲವೇ, ಉಪ್ಪು ಕಡಿಮೆ ಮಾಡು.

ಅಕ್ಕ ಮಲ್ಲಮ್ಮ


ಧ್ವನಿ ಸಂದೇಶ
ನಾಶಿಕ್. 24 ಆಗಸ್ಟ್ 2025

ಅಕ್ಕಾ, ವಿದ್ಯಾ ಓದಿ ನಕ್ಕಳು. 'ಅಕ್ಕಾರು ಬಂದು ಅಡಗಿ ಮಾಡಿ ಹಾಕಿದ್ರ ಉಪ್ಪು ಬಿಡ್ತೀನಿ ಅಂತ ಹೇಳ್ರಿ' ಅಂದಳು.

ಹಾಡು ಎಲ್ಲಿ ಸಿಕ್ತು ಅಂತ ಕೇಳೀದಿ. ಅಪ್ಪನ ಟ್ರಂಕಿನಾಗ. ಅಂವ ತೀರಿಕೊಂಡ ವರ್ಷ ಟ್ರಂಕು ನನ್ನ ಪಾಲಿಗಿ ಬಂತಲ್ಲ, ಬುಡಕ್ಕ ಧೋತರದಾಗ ಸುತ್ತಿದ ಒಂದು ಕ್ಯಾಸೆಟ್. ಹೆಸರಿಲ್ಲ, ತಾರೀಖಿಲ್ಲ. ಒಂದು ಅಂಗಡ್ಯಾಗ ಫೋನಿಗಿ ಹಾಕಿಸಿದೆ. ಏಕತಾರಿ, ದಮ್ಮಡಿ, ತಾಳ, ನಡುವ ಅಪ್ಪನ ದನಿ. ನಾ ಅಂವ ಹಾಡೂದು ಕೇಳೇ ಇದ್ದಿಲ್ಲಕ್ಕಾ. ಗುರುಲಿಂಗಪ್ಪ ಹಾಡತಿದ್ದ ಅಂತ ಮಂದಿ ಅಂತಿದ್ರು, ನಾ ನೋಡಿದ್ದು ಬರೇ ಶಿಫ್ಟಿಗಿ ಹೋಗೂ ಮನಷ್ಯಾಗ.

'ಹೊತ್ತಾತು ನಡಿ, ಹಾದಿ ತಂಪಾಗ್ಯಾದ.' ಇದು ಪಲ್ಲವಿ. ಊರು ಬಿಟ್ಟು ದುಡೀಲಿಕ್ಕಿ ಹೊಂಟವರ ಹಾಡು ಅಲ್ಲೇನು. ಇದೇ ಸಾಲಿನಿಂದ ನನಗ ಕಾದಂಬರಿ ಹುಟ್ಟಿದ್ದು. ಇದನ್ನ ಕೇಳಕೋತ ಕುಂತಾಗ ಮನ್ಮಾಡ್ ಸ್ಟೇಷನ್ನಿನಾಗ ಗಂಟು ಇಟಗೊಂಡು ಕುಂತ ಮಂದಿ ಕಣ್ಣಿಗಿ ಬಂದ್ರು. ಅದಕ್ಕೂ ಮೊದಲ ನನಗ ಕತಿ ಗಿತಿ ಏನ್ ಗೊತ್ತಿತ್ತು.

ಸಿತಾರ ಹಚ್ಚು ಅಂತಿ. ಹಚ್ಚಿ ನೋಡೀನಿ. ನಿದ್ದಿ ಬರ್ತದ. ಇದರಾಗ ಹಂಗಲ್ಲ. ಅಪ್ಪ ಉಸರು ತಗೊಂಡಲ್ಲಿ ನಾ ಸಾಲು ಮುರೀತೀನಿ. ಹಿಂದಿನವರು ಪಲ್ಲವಿ ಎತ್ತಿಕೊಂಡ್ರು ಅಂದ್ರ ನಾ ಹೊಸಾ ಮಾತಿಗಿ ಹೋಗ್ತೀನಿ. ದಮ್ಮಡಿ ಜೋರಾತು ಅಂದ್ರ ನನ್ನ ಮಂದಿ ಎದ್ದು ನಡೀತಾರ. ಮನಸ್ಸಿಗಿ ಬ್ಯಾಸರಾಗಿ ಇವತ್ತ ಬ್ಯಾಡ ಅಂದ ದಿವಸನೂ ಆ ದನಿ ನನ್ನ ರಟ್ಟಿ ಹಿಡದು ಎಬ್ಬಸ್ತದ. ಬದುಕಿದ್ದಾಗ ಅಂವಗ ಕೊಡ್ಲಿಕ್ಕಿ ಆಗ್ಲಾರದ್ದು ಈಗ ಕೊಡ್ಲಿಕತ್ತಾನ ಅನಸ್ತದ.

ಅದಕ್ಕ ಬದಲಿ ಕೇಳಬ್ಯಾಡ. ಇಯರ್‌ಫೋನ್ ತಂದಿಲ್ಲ ಇನ್ನೂ, ವಿದ್ಯಾನೇ 'ಇರಲಿ ಬಿಡ್ರಿ, ನನಗೂ ಕೇಳಸ್ತದ' ಅಂದಳು. ರೊಟ್ಟಿ ಬಡಿಯೂದಕ್ಕ ತಾಳ ಸಿಗ್ತದಂತ.


ಧ್ವನಿ ಸಂದೇಶ
ನಾಶಿಕ್. 2 ಸೆಪ್ಟೆಂಬರ್ 2025

ಅಕ್ಕಾ. ಸ್ವಲ್ಪ ತಡಿ, ಗಾಡಿ ಹೊಂಟದ. ನಾ ಕಂಪನಿ ಗೇಟಿನ ಹೊರಗ ನಿಂತೀನಿ, ಮನ್ಯಾಗ ಮಾತಾಡ್ಲಿಕ್ಕಿ ಆಗಲಿಲ್ಲ.

ಶನಿವಾರದ ಮಾತು. ನಮ್ಮ ಬಚ್ಚಲದಾಗ ಫರಸಿ ಕಲ್ಲು ಕುಂದ್ರಸಲಿಕ್ಕಿ ಆಳಂದ ಕಡಿಯಾಂವ ಬಂದಿದ್ದ, ಸಾಯಬಣ್ಣ ಅಂತ. ಅಂವ ಒಳಗ ಕೆಲಸ ಮಾಡ್ಲಿಕತ್ತಾನ, ನಾ ಹಾಲಿನಾಗ ಹದಿನೈದನೇ ಅಧ್ಯಾಯ ಹೇಳ್ಲಿಕತ್ತೀನಿ, ಹಾಡು ಹಚ್ಚೀನಿ. ಸ್ವಲ್ಪ ಹೊತ್ತಿನ ಮ್ಯಾಲೆ ಟಕ್ ಟಕ್ ಅನ್ನೂದು ನಿಂತ್ತು. ನೋಡ್ತೀನಿ, ಸಾಯಬಣ್ಣ ಕೈಕಾಲು ತೊಳಕೊಂಡು, ತಲಿ ಮ್ಯಾಲಿನ ಟವಲ್ ತಗದು ಹೆಗಲಿಗಿ ಹಾಕ್ಕೊಂಡು ಬಾಗಲದಾಗ ನಿಂತಾನ. 'ಏನ್ ಸಾಯಬಣ್ಣ, ಚಾ ಬೇಕೇನು' ಅಂದೆ. ಅಂವ ಸಣ್ಣ ದನೀಲೆ, 'ಯಾರು ತೀರ್ಕೊಂಡಾರ್ರಿ ಅಣ್ಣಾರ, ಹೇಳಲೇ ಇಲ್ಲಲ್ಲ' ಅಂದ.

ನಾ ನಕ್ಕೆ. ಯಾರೂ ಇಲ್ಲೋ, ಇದು ನಮ್ಮಪ್ಪನ ಹಾಡು ಅಂದೆ. ಅಂವ ನಗಲಿಲ್ಲಕ್ಕಾ. 'ಇದು ಹೆಣದ ಮುಂದ ಕುಂತು ಹಾಡೂ ಪದ ಅದರಿ. ಮಣ್ಣಿಗಿ ಎತ್ತೂ ಮುಂದ ಕಡೀಕ ಇದನ್ನ ಅಂತಾರ. ನಮ್ಮ ಕಡಿ ಇದರ ಸೊಲ್ಲು ಎತ್ತಿದ್ರ ಓಣಿ ಹೆಣ್ಣಮಕ್ಕಳು ಕಸಬರಗಿ ಬಿಟ್ಟು ಓಡಿ ಬರ್ತಾರ. ಬದುಕಿದ್ದವರ ಮನ್ಯಾಗ ಯಾರರೆ ಹಚ್ಚತಾರೇನ್ರಿ' ಅಂದ. ಆಮ್ಯಾಲೆ ಹೊಳ್ಳಿ ವಿದ್ಯಾಗ ನೋಡಿದ. ಅಕಿ ಅಡಗಿ ಮನಿ ಬಾಗಲ ಹಿಡಕೊಂಡು ಏದುಸಿರು ಬಿಡ್ಲಿಕತ್ತಿದ್ಲು. ಅಂವ ಹಂಗ ನೋಡಿದ್ದು ನನ್ನ ಕಣ್ಣಿಂದ ಹೋಗವಲ್ದು.

ನಿನ್ನಿ ರಿಪೋರ್ಟ್ ಬಂತು. ವಿದ್ಯಾನ ಎದಿ ಒಳಗಿನ ಒಂದು ವಾಲ್ವ್ ಸಣ್ಣಾಗಿ ಬಿಗದದ. ಬದಲಿ ಮಾಡಬೇಕಂತ, ಎದಿ ತೆರದು. ಹದಿನೆಂಟನೇ ತಾರೀಖು ಕೊಟ್ಟಾರ. ಅದಕ್ಕಿಂತ ಮುಂದ ಹಾಕಬ್ಯಾಡ್ರಿ ಅಂದಾರ.

ನಾ ಎರಡು ವರ್ಷ ಏನ್ ಮಾಡ್ದೆ ಹೇಳು. ದಿನಾ ಮುಂಜಾನೆ ಅಕಿ ಮುಂದ ಕುಂತು ಅದನ್ನೇ ಹಚ್ಚಿದೆ, ಮೊದಲ ಕಿವ್ಯಾಗ, ಈಗ ಸ್ಪೀಕರ್ ಮ್ಯಾಲೆ. ಹೊತ್ತಾತು ನಡಿ, ಹೊತ್ತಾತು ನಡಿ. ನಾ ಗೇರು ಅಳಿಯೂ ಮನಷ್ಯಾ, ಇಂಥಾದ್ದೆಲ್ಲ ನಂಬಂಗಿಲ್ಲ. ನಂಬಂಗಿಲ್ಲ ಅಂತ ಬಾಯಿ ಅಂತದ. ಆದ್ರೂ ಹಾಡು ಬಂದ್ ಮಾಡೀನಿ. ಇವತ್ತ ಮುಂಜಾನೆ ಸುಮ್ಮ ಕುಂತು ಹೇಳಿ ನೋಡ್ದೆ. ಒಂದು ಮಾತು ಬರಲಿಲ್ಲ. ಬಂದಿದ್ದು ಫ್ಯಾಕ್ಟರಿ ರಿಪೋರ್ಟಿನಂಗ ಬಂತು: ಗಂಡಸು ಎದ್ದ, ನೀರು ಕುಡದ, ಕುಂತ.

ನಿನಗ ಗೊತ್ತಿತ್ತು. ಎಂಟು ದಿವಸ ಸುಮ್ಮನಿದ್ದಿದ್ದು ಅದಕ್ಕೇ. ಹಚ್ಚಬ್ಯಾಡ ಅಂದಿ, ಯಾಕ ಅಂತ ಹೇಳಲಿಲ್ಲ. ಅದು ಯಾರ ಮುಂದ ಹಾಡಿದ್ದಕ್ಕಾ?


ಛತ್ರಪತಿ ಸಂಭಾಜಿನಗರ
4 ಸೆಪ್ಟೆಂಬರ್ 2025

ಬಸು,

ಕೇಳಿದೆ. ನಾಲ್ಕು ಸಲ ಕೇಳಿದೆ. ಹೆದರಬೇಡ.

ಸಾಯಬಣ್ಣ ಹೇಳಿದ್ದು ನಿಜ. ಅದು ಸಾವಿನ ಮನೆಯ ಪದ. ಆದರೆ ಈ ಕ್ಯಾಸೆಟ್ಟಿನಲ್ಲಿ ಅದು ನಿನಗಾಗಿ ಹಾಡಿದ್ದು. ನಿನಗೆ ಆಗ ಒಂದೂವರೆ ವರ್ಷ. ನಾವಿನ್ನೂ ಹುಮನಾಬಾದ್ ಹತ್ತಿರದ ಊರಲ್ಲಿದ್ದೆವು. ಗಂಟಲು ಬೇನೆ ಬಂದು ನಿನ್ನ ಉಸಿರು ಕಟ್ಟಿತು. ಮೈ ತಣ್ಣಗಾಯಿತು. ಹೋಯಿತು ಎಂದೇ ಹಿರಿಯರು ಹೇಳಿದರು. ಭಜನೆಯವರನ್ನು ಕರೆಸಿದರು. ಮನ್ಮಾಡ್ ರೈಲ್ವೆಯಲ್ಲಿದ್ದ ಯಲ್ಲಾಲಿಂಗ ಮಾವ ಹೊಸದಾಗಿ ಟೇಪ್ ತಂದಿದ್ದ, ಅವನು ಅದನ್ನು ಒತ್ತಿ ಇಟ್ಟ. ಅಪ್ಪ ಹಾಡಿದ. ಹಾಡು ಮುಗಿಯುವ ಹೊತ್ತಿಗೆ ನೀನು ಕೈ ಆಡಿಸಿದೆ. ಕಣ್ಣು ಬಿಟ್ಟೆ.

ಆದ್ದರಿಂದ ಅದು ಕೆಟ್ಟ ಹಾಡಲ್ಲ. ನಿನ್ನನ್ನು ಹಿಂದಕ್ಕೆ ತಂದ ಹಾಡು. ಎಳೆಯವನಿಗೆ ಇದನ್ನೆಲ್ಲ ಹೇಳಬಾರದೆಂದು ಅವ್ವ ಆಣೆ ಹಾಕಿಸಿದ್ದಳು, ಅದಕ್ಕೆ ಸುಮ್ಮನಿದ್ದೆ.

ಬರೆಯುವುದನ್ನು ನಿಲ್ಲಿಸಬೇಡ. ವಿದ್ಯಾಳಿಗೆ ಧೈರ್ಯ ಹೇಳು.

ಮಲ್ಲಮ್ಮ


ಧ್ವನಿ ಸಂದೇಶ
ನಾಶಿಕ್. 9 ಸೆಪ್ಟೆಂಬರ್ 2025

ಅಕ್ಕಾ, ನೀ ನನಗ ಹೊಳ್ಳಿ ಜೀವ ಕೊಟ್ಟಿ. ವಿದ್ಯಾ ನಿನ್ನ ಕಾಗದ ಓದಕೋತ ಓದಕೋತ ದನಿ ಒಡದು ಅತ್ತಳು. ಆಮ್ಯಾಲೆ ನನ್ನ ಮಾರಿ ಹಿಂಗ ಹಿಡದು ನೋಡಿದ್ಲು, ನಾ ಹೊಸಾದಾಗಿ ಬಂದವರಂಗ.

ಹದಿನೈದನೇ ಅಧ್ಯಾಯ ಮೊದಲಿಂದ ಹೊಳ್ಳಿ ಹೇಳಿ ಕಳಿಸೀನಿ, ಏಳು ತುಂಡು. ಒಂದೇ ದಿವಸದಾಗ ಬಂತು. ಹಾಡು ಹಚ್ಚಿದ್ದಷ್ಟೇ, ನೀರು ಬಂದಂಗ ಬಂತು. ಕತಿಯೊಳಗ ಪ್ಲಾಟ್‌ಫಾರ್ಮಿನ ಮ್ಯಾಲೆ ಹುಡುಗ ಸಾಯ್ತದ, ಅಪ್ಪ ಹಾಡ್ತಾನ, ಹುಡುಗ ಎದ್ದು ಕುಂದ್ರತದ. ನೀ ಬರದಂಗೇ. ಟೇಪಿನ ಮಾವನ್ನೂ ಹಾಕೀನಿ. ಇದಕ್ಕಿಂತ ಛಂದ ನಾ ಎಂದೂ ಹೇಳಿಲ್ಲ.

ಇನ್ನೊಂದು. ಆಪರೇಷನ್ ಮುಂದ ಹಾಕೀವಿ. ವಿದ್ಯಾನೇ ಅಂದ್ಲು. ಎದಿ ಕೊಯ್ಯತಾರ ಅನ್ನೂ ಮಾತೆತ್ತಿದ್ರ ಅಕಿ ಎದ್ದು ಅಡಗಿ ಮನಿಗಿ ಹೋಗ್ತಾಳ. 'ಸತ್ತ ಕೂಸಿನ ಎಬ್ಬಸಿದ ಹಾಡು ಮನ್ಯಾಗ ಅದ. ದೀಪಾವಳಿ ತನಕ ದಿನಾ ಕೇಳ್ತೀನ್ರಿ, ಆಮ್ಯಾಲೆ ಹೊಳ್ಳಿ ಟೆಸ್ಟ್ ಮಾಡ್ಸೂನು' ಅಂದ್ಲು. ಮುಂಜಾನೆ ಸಂಜಿ ಕೇಳ್ತಾಳ, ಕಣ್ಣು ಮುಚಗೊಂಡು. ದಮ್ಮು ಕಡಿಮಿ ಆಗ್ಯಾದ ಅಂತಾಳ. ನನಗೂ ಹಂಗೇ ಕಾಣಸ್ತದ. ವೈಷ್ಣವಿ ಸಿಟ್ಟಿಲೆ ಕುಣದಾಡ್ಲಿಕತ್ತಾಳ, ಮಗಳು ಓದಿದಾಕಿ ನೋಡು, 'ಬಾಬಾ, ಹೇ ವೇಡೇಪಣಾ ಆಹೇ' ಅಂತಾಳ. ಹುಚ್ಚುತನ ಅಂತ. ಇಪ್ಪತ್ತೆರಡು ವರ್ಷದಾಕಿಗಿ ಏನ್ ಗೊತ್ತು.


ಛತ್ರಪತಿ ಸಂಭಾಜಿನಗರ
10 ಸೆಪ್ಟೆಂಬರ್ 2025

ಬಸು,

ಮುಂದೆ ಹಾಕಬೇಡಿ. ಹಾಡು ಹಾಡಿನ ಜಾಗದಲ್ಲಿರಲಿ, ಡಾಕ್ಟರು ಡಾಕ್ಟರ ಜಾಗದಲ್ಲಿರಲಿ. ಇಂದೇ ಫೋನ್ ಮಾಡಿ ಹದಿನೆಂಟನೆಯ ತಾರೀಖು ಉಳಿಸಿಕೊಳ್ಳಿ. ವೈಷ್ಣವಿ ಹೇಳುವುದು ಸರಿ.

ಅಧ್ಯಾಯ ಬಂದಿದೆ. ಬರೆದುಕೊಳ್ಳಲು ಆಗಿಲ್ಲ. ಕೈ ನೋವು.

ಮಲ್ಲಮ್ಮ


ಧ್ವನಿ ಸಂದೇಶ
ನಾಶಿಕ್. 13 ಸೆಪ್ಟೆಂಬರ್ 2025

ಅಕ್ಕಾ, ನೀನೇ ಹೇಳೀದಿ, ಈಗ ನೀನೇ ಅಂಜತಿ. ಎರಡು ಸಾಲಿನ ಕಾಗದ ಬರದಿ. ವಿದ್ಯಾ ಅಂದ್ಲು, 'ಅಕ್ಕಾರಿಗಿ ನನ್ನ ಚಿಂತಿ ಹತ್ಯಾದ, ಪಾಪ' ಅಂತ. ನಾಕು ದಿವಸಾತು, ಅಕಿ ಭಾಳ ಶಾಂತ ಅದಾಳ. ನಿನ್ನಿ ಪಾವಟಿಗಿ ಹತ್ತೂ ಮುಂದ ನಡುವ ಕುಂತಳು, ತುಟಿ ಸ್ವಲ್ಪ ನೀಲಿ ಆಗಿದ್ವು. ಆದ್ರ ಐದು ನಿಮಿಷದಾಗ ಸುಧಾರಿಸಿಕೊಂಡ್ಲು. ಮೊದಲ ಹತ್ತು ನಿಮಿಷ ಬೇಕಾಗತಿತ್ತು.

ಕೈ ನೋವಿಗಿ ಎಣ್ಣಿ ತಿಕ್ಕೊ. ಆ ಅಧ್ಯಾಯ ನಿನ್ನ ಅಕ್ಷರದಾಗ ನೋಡಬೇಕು ಅಂತ ಕುಂತೀನಿ. ಓದಲಿಕ್ಕಿ ಬರ್ಲಿಲ್ಲಂದ್ರೂ ನೋಡ್ಲಿಕ್ಕಿ ಬರ್ತದಲ್ಲ.


ಛತ್ರಪತಿ ಸಂಭಾಜಿನಗರ
14 ಸೆಪ್ಟೆಂಬರ್ 2025

ಬಸು,

ಇದನ್ನು ವಿದ್ಯಾ ಓದುತ್ತಾಳೆಂದು ತಿಳಿದೇ ಬರೆಯುತ್ತಿದ್ದೇನೆ. ವಿದ್ಯಾ, ಕುಳಿತುಕೊಂಡು ಓದು. ನಡುವೆ ನಿಲ್ಲಿಸಬೇಡ. ಅವನು ನಿಲ್ಲಿಸು ಎಂದರೂ ನಿಲ್ಲಿಸಬೇಡ.

ನನ್ನ ಕೈ ನೋಯುತ್ತಿಲ್ಲ. ಐದು ದಿನದಿಂದ ಕಾದಂಬರಿ ಬರೆಯುವ ವಹಿ ತೆರೆದಿಟ್ಟು ಕುಳಿತಿದ್ದೇನೆ. 'ಹುಡುಗ ಎದ್ದು ಕುಳಿತ' ಎಂದು ನೀನು ಹೇಳಿದಲ್ಲಿಗೆ ಬಂದರೆ ಪೆನ್ನು ಮುಂದೆ ಹೋಗುವುದಿಲ್ಲ. ನಾಲಿಗೆಯಿಂದ ಸುಳ್ಳು ಹೇಳಿದರೆ ಗಾಳಿಗೆ ಹೋಗುತ್ತದೆ. ನಾನು ಕಾಗದದಲ್ಲಿ ಹೇಳಿದೆ, ನೀನು ಅದನ್ನು ಕಾದಂಬರಿಗೆ ಹಾಕಿದೆ, ಈಗ ಎರಡನೆಯ ಸಲ ನಾನೇ ಅದನ್ನು ನನ್ನ ಅಕ್ಷರದಲ್ಲಿ ಬರೆಯಬೇಕಂತೆ.

ಯಾರೂ ಎದ್ದು ಕೂರಲಿಲ್ಲ.

ನಿನಗೂ ನನಗೂ ನಡುವೆ ಒಬ್ಬ ತಂಗಿ ಇದ್ದಳು. ನಿನಗೆ ಅಕ್ಕ. ದಾನಮ್ಮ ಎಂದು ಹೆಸರು. ಐದು ವರ್ಷ. ನನ್ನ ಹಿಂದೆಯೇ ತಿರುಗುತ್ತಿದ್ದಳು, ಹಸಿ ಕಡಲೆ ಗಿಡ ಕಂಡರೆ ಬಿಡುತ್ತಿರಲಿಲ್ಲ. ಗಂಟಲು ಬೇನೆ ಮೊದಲು ಬಂದದ್ದು ಅವಳಿಗೆ. ಹುಮನಾಬಾದಿಗೆ ಒಯ್ಯಬೇಕು ಎಂದು ಅವ್ವ ಅಂದಳು. ನಾಳೆ ನೋಡೋಣ ಎಂದರು. ಸೋಮವಾರ ಭಜನೆ ಇದೆ, ಮುಗಿಸಿ ಒಯ್ಯೋಣ ಎಂದರು. ಹಾಗೆ ಅಂದವನು ಅಪ್ಪ. ಯಲ್ಲಾಲಿಂಗ ಮಾವ ಅವನ ದನಿ ಹಿಡಿಯಲೆಂದೇ ಮನ್ಮಾಡಿನಿಂದ ಟೇಪ್ ತಂದಿದ್ದ. ಅಪ್ಪನಿಗೆ ಆಸೆ ಇತ್ತು. ಎರಡು ದಿನ ಹೋಯಿತು. ಸೋಮವಾರ ಮಧ್ಯಾಹ್ನ ದಾನಮ್ಮ ಹೋದಳು.

ಕೂಸಿಗೆ ಭಜನೆ ಹಾಕುವ ರೂಢಿ ಇಲ್ಲ. ಹಿರಿಯರು ಬೇಡ ಎಂದರು. ಅಪ್ಪ ಕೇಳಲಿಲ್ಲ. ಏಕತಾರಿ ತೆಗೆದುಕೊಂಡು ಅವಳ ಮುಂದೆ ಕುಳಿತ. ಸೋಮವಾರದ ಭಜನೆಗೆಂದು ಬಂದವರು ದಮ್ಮಡಿ, ತಾಳ ಹಿಡಿದು ಅವನ ಹಿಂದೆ ಕುಳಿತರು. ಮಾವ ಯಾರನ್ನೂ ಕೇಳದೆ ಟೇಪ್ ಒತ್ತಿದ. ನೀನು ಎರಡು ವರ್ಷ ಕೇಳಿದ್ದು ಅದು. ಅದಾದ ಮೇಲೆ ಅಪ್ಪ ಹಾಡಲಿಲ್ಲ.

ಮರುದಿನ ಬೆಳಿಗ್ಗೆ ನಿನಗೆ ಜ್ವರ ಬಂತು. ಅವ್ವ ಯಾರನ್ನೂ ಕೇಳಲಿಲ್ಲ. ನಿನ್ನನ್ನು ಸೆರಗಿನಲ್ಲಿ ಕಟ್ಟಿಕೊಂಡು ಎತ್ತಿನ ಗಾಡಿ ಹಿಡಿದು ಹೊರಟಳು. ದವಾಖಾನೆಯಲ್ಲಿ ಸೂಜಿ ಹಾಕಿದರು. ಬದುಕಿದೆ. ನಿನ್ನನ್ನು ಬದುಕಿಸಿದ್ದು ಹಾಡಲ್ಲ ಬಸು. ತಡ ಮಾಡದ ಒಬ್ಬ ಹೆಂಗಸು.

ವಿದ್ಯಾ, ನಾನು ಸುಳ್ಳು ಹೇಳಿದ್ದು ಅವನ ಅಂಜಿಕೆ ಇಳಿಯಲಿ, ಕಾದಂಬರಿ ಮುಗಿಯಲಿ ಎಂದು. ನೀನು ಅದನ್ನು ಮದ್ದು ಮಾಡಿಕೊಳ್ಳುತ್ತೀ ಎಂದು ನನಗೆ ಹೊಳೆಯಲಿಲ್ಲ. ದೀಪಾವಳಿಯ ತನಕ ಎಂದು ನೀನು ಅಂದದ್ದು ಕೇಳಿದಾಗ ನನಗೆ 'ಸೋಮವಾರ ಮುಗಿಯಲಿ' ಎಂದ ಅಪ್ಪನ ದನಿಯೇ ಕೇಳಿಸಿತು. ನಮ್ಮ ಮನೆಯಲ್ಲಿ ಒಂದು ಹಾಡಿಗಾಗಿ ಒಬ್ಬರನ್ನು ಕಾಯಿಸಿದ್ದೇವೆ. ಎರಡನೆಯವಳು ನೀನಾಗಬೇಡ.

ಬೈಯಬೇಕೆನಿಸಿದರೆ ಬೈ. ಆದರೆ ಮೊದಲು ದವಾಖಾನೆಗೆ ಫೋನ್ ಮಾಡು.

ಮಲ್ಲಮ್ಮ


ಧ್ವನಿ ಸಂದೇಶ
ನಾಶಿಕ್, ದವಾಖಾನೆ, ಎರಡನೇ ಮಹಡಿ. 23 ಸೆಪ್ಟೆಂಬರ್ 2025, ಬೆಳಿಗ್ಗೆ 11.20

ಅಕ್ಕಾ. ಒಂಬತ್ತು ದಿವಸ ಮಾತಾಡಲಿಲ್ಲ. ಸಿಟ್ಟಿತ್ತು. ಈಗ ಅದಕ್ಕೂ ಪುರಸೊತ್ತಿಲ್ಲ. ಎಂಟಕ್ಕ ಒಳಗ ಒಯ್ದಾರ. ನಾಕು ತಾಸು, ಐದು ತಾಸು ಅಂತಾರ. ವೈಷ್ಣವಿ ರಕ್ತದ ಚೀಟಿ ತಗೊಂಡು ಕೆಳಗ ಹೋಗ್ಯಾಳ. ನಾ ಒಬ್ಬಂವ ಕುಂತೀನಿ. ಮಾತಾಡ್ಲಿಲ್ಲಂದ್ರ ನನ್ನ ಎದೀನೇ ನಿಂದರ್ತದ, ಅದಕ್ಕ ರೆಕಾರ್ಡ್ ಒತ್ತೀನಿ.

ವಿದ್ಯಾ ಕಾಗದ ಪೂರ್ತಿ ಓದಿದ್ಲು. ನಡುವ ನಾ ಸಾಕು ಅಂದೆ, 'ಅಕ್ಕಾರು ನಿಲ್ಲಸಬ್ಯಾಡ ಅಂದಾರ, ನೀವ್ ಸುಮ್ಮ ಕುಂದ್ರಿ' ಅಂದ್ಲು. ಮುಗಿಸಿ ಫೋನು ತೊಡಿ ಮ್ಯಾಲೆ ಇಟಗೊಂಡ್ಲು. ಆಮ್ಯಾಲೆ, 'ಹಾಡಿಗಿ ಕೂಸು ಎದ್ದಿತು ಅಂತ ಬರದ ಆ ಕಾಗದ ಓದಿದಾಗೇ ನನಗ ಸಂಶಯ ಇತ್ತು. ಅಕ್ಕಾರು ಏನೇ ಬರೀಲಿ, ಎಲ್ಲೋ ಒಂದ್ಕಡಿ ತಿನ್ನೂ ಮಾತು ಬರ್ತದ. ಅದರಾಗ ಬಂದಿದ್ದಿಲ್ಲ. ಆದ್ರ ನನಗ ನಂಬಬೇಕಾಗಿತ್ತು' ಅಂದ್ಲು. ಎದ್ದು ಹೋಗಿ ಕಪಾಟಿನಿಂದ ಚೀಲ ತಗದ್ಲು, ಎರಡು ಗೌನು, ವಿಭೂತಿ ಗಟ್ಟಿ ಇಟಗೊಂಡ್ಲು. 'ಫೋನ್ ಹಚ್ಚರಿ' ಅಂದ್ಲು. ಹದಿನೆಂಟು ಕೈಬಿಟ್ಟು ಹೋಗಿತ್ತು, ಇವತ್ತಿಂದು ಸಿಕ್ತು. ಆ ಹೆಚ್ಚಿನ ಐದು ದಿವಸ ನಾ ಹ್ಯಾಂಗ ಕಳದೆ ಅಂತ ಕೇಳಬ್ಯಾಡ. ರಾತ್ರಿ ಅಷ್ಟೇ ಅಲ್ಲ, ಹಗಲೂ ಅಕಿ ಎದಿ ಏಳತದೋ ಇಲ್ಲೋ ಅಂತ ನೋಡಕೋತ ಕುಂತಿದ್ದೆ.

ಹಾಡು ಹಚ್ಚಿಲ್ಲ. ಫೋನಿನಾಗ ಅದ, ಬಟ್ಟು ಅದರ ಮ್ಯಾಲೆ ಹೋಗ್ತದ, ಹೊಳ್ಳಿ ಬರ್ತದ. ಹಚ್ಚಿದ್ರ ಅಂಜಿಕಿ. ಹಚ್ಚಲಿಲ್ಲಂದ್ರ ನಾ ಬರೇ ಗೇರು ಅಳಿಯಾಂವ. ಒಳಗ ಹೋಗೂ ಮುಂದ ವಿದ್ಯಾ ಹೇಳಿದ್ಲು, 'ಕಡೀ ಅಧ್ಯಾಯ ಉಳದದ. ನಾ ಬರೂತನಕ ಸುಮ್ಮ ಕುಂತು ನಡುಗಬ್ಯಾಡ್ರಿ. ಹೇಳಿ ಮುಗಸ್ರಿ' ಅಂತ.

ಹೇಳ್ತೀನಿ, ಬರಕೊ. ಹಾಡಿಲ್ದೇ ಹೇಳ್ತೀನಿ, ಕುಂಟಿದ್ರ ಕುಂಟ್ಲಿ. ಇಲ್ಲಿ ಪೇಷಂಟ್ ಒಯ್ಯೂ ಒಂದು ಗಾಡಿ ಅಡ್ಡಾಡ್ತದ, ಅದರ ಒಂದು ಗಾಲಿ ಕಿರ್ರ್ ಅಂತದ. ಅದನ್ನೇ ಹಿಡಕೊಂಡು ಹೋಗ್ತೀನಿ.

ಮೊದಲ, ಹದಿನೈದನೇ ಅಧ್ಯಾಯ ಹರದು ಒಗಿ. ಹುಡುಗ ಏಳೂದಿಲ್ಲ. ಹುಡುಗನೂ ಅಲ್ಲ. ಹುಡುಗಿ. ಬರಕೊ. ಮೂರನೇ ದಿವಸ ಮುಂಜಾನೆ ಮನ್ಮಾಡಿಗಿ ರೈಲು ಬಂತು. ಎಲ್ಲಾರೂ ಗಂಟು ಎತ್ತಿದ್ರು. ಅಪ್ಪ ಏಳಲಿಲ್ಲ. ಆ ಹುಡುಗಿ ಅಂವನ ತೊಡಿ ಮ್ಯಾಲೆ ಇದ್ಲು. ಸ್ಟೇಷನ್ನಿನ ದವಾಖಾನಿ ನೂರು ಹೆಜ್ಜಿ ದೂರ ಇತ್ತು, ರೈಲು ತಪ್ತದ ಅಂತ ಎರಡು ದಿವಸ ಅಂವ ಆ ನೂರು ಹೆಜ್ಜಿ ನಡದಿದ್ದಿಲ್ಲ. ಈಗ ರೈಲು ಬಂದು ನಿಂತದ. ಅಂವ ಹಾಡ್ಲಿಕತ್ತಾನ. ಯಾಕ ಹಾಡ್ತಾನ ಅಂತ ಮಂದಿಗಿ ತಿಳಿವಲ್ದು. ನನಗ ಈಗ ತಿಳಿದದ. ಹಾಡು ಮುಗಿಯೂತನಕ ಯಾರೂ ಅಕಿನ ಎತ್ತಂಗಿಲ್ಲ. ಅದಕ್ಕ ಅಂವ ಮುಗಸವಲ್ಲ.

ಇದು ಬರಕೊಂಡೇನು. ಮುಂದ... ಹಾಡು ಮುಗದ ಮ್ಯಾಲೆ... ತಡಿ ಅಕ್ಕಾ. ಬಾಗಲ ತೆರೀತು. ವಿದ್ಯಾವತಿ ಅಂತ ಕರೀಲಿಕತ್ತಾರ. ನಾನೇ ರೀ, ನಾನೇ, ನಾನೇ ಅಕಿ ಮನಿಯವ್ರು.


ಛತ್ರಪತಿ ಸಂಭಾಜಿನಗರ
24 ಸೆಪ್ಟೆಂಬರ್ 2025

ಬಸು,

ನಿನ್ನ ದನಿ ಅಲ್ಲಿಗೆ ನಿಂತ ಮೇಲೆ ನಿನ್ನೆ ಮೂರು ತಾಸು ನಾನು ಪಡಸಾಲೆಯ ಕಂಬದಂತೆ ನಿಂತಿದ್ದೆ. ಮೃದುಲಾ ಊಟಕ್ಕೆ ಕರೆದರೂ ಹೋಗಲಿಲ್ಲ. ಸಂಜೆಗೆ ವೈಷ್ಣವಿಯ ಸಂದೇಶ ಬಂತು: 'ಆತ್ಯಾ, ಆಈನೇ ಡೋಳೇ ಉಘಡಲೇ.' ತಾಯಿ ಕಣ್ಣು ತೆರೆದಳು. ಅದೊಂದು ಸಾಲನ್ನು ಮೃದುಲಾಳಿಂದ ಮೂರು ಸಲ ಓದಿಸಿದೆ, ನನಗೆ ಮರಾಠಿ ಬರುವುದಿಲ್ಲವೇನೋ ಎಂಬಂತೆ. ಬಾಗಿಲಲ್ಲಿ ನಿನ್ನನ್ನು ಕರೆದದ್ದು ಇನ್ನೆರಡು ಬಾಟಲಿ ರಕ್ತಕ್ಕಂತೆ. ಅಷ್ಟಕ್ಕೆ ನೀನೂ ನಾನೂ ಅರ್ಧ ಸತ್ತೆವು. ಇನ್ನೂ ಎರಡು ದಿನ ಒಳಗೇ ಇಡುತ್ತಾರಂತೆ. ಎರಡು ದಿನ ಕಳೆಯುವ ತನಕ ನನ್ನ ಅಂಜಿಕೆ ಇಳಿಯುವುದಿಲ್ಲ. ವಿದ್ಯಾಳಿಗೆ ಬಾಯಿಗೆ ಕೊಡಬಹುದು ಎಂದಾಗ ತೆಳ್ಳಗೆ ಜೋಳದ ಅಂಬಲಿ ಮಾಡಿಸು.

ಹದಿನೈದನೆಯ ಅಧ್ಯಾಯ ಬರೆದಷ್ಟನ್ನು ಹರಿದೆ. ಕೊನೆಯದನ್ನು ಬರೆದುಕೊಂಡೆ. ಹಾಡಿಲ್ಲದೆ ಹೇಳಿದೆ ಎನ್ನುತ್ತೀ. ಸಾಲುಗಳು ಮೊದಲಿನಷ್ಟು ಉದ್ದವಿಲ್ಲ, ಅಲ್ಲಲ್ಲಿ ಕುಂಟುತ್ತವೆ. ಆದರೆ ಬರೆಯುವಾಗ ನನ್ನ ಕೈ ಒಮ್ಮೆಯೂ ನಿಲ್ಲಲಿಲ್ಲ. ನೀನು 'ಆ ಹುಡುಗಿ' ಎಂದು ಹೇಳಿದಲ್ಲೆಲ್ಲ ನಾನು ದಾನಮ್ಮ ಎಂದು ಬರೆದಿದ್ದೇನೆ. ಬೇಡವೆಂದರೆ ನೀನೇ ಬಂದು ಹೊಡೆದುಹಾಕು. ಅದಕ್ಕೆ ಮೊದಲು ಅಕ್ಷರ ಕಲಿಯಬೇಕಾಗುತ್ತದೆ.

ಹಾಡು ಮುಗಿದ ಮೇಲೆ ಎಂದು ಹೇಳಿ ನೀನು ಎದ್ದು ಹೋದೆ. ವಹಿಯಲ್ಲಿ ಅರ್ಧ ಪುಟ ಖಾಲಿ ಬಿಟ್ಟಿದ್ದೇನೆ. ಮುಂದೇನಾಯಿತೆಂದು ನಿನಗೆ ಗೊತ್ತಿಲ್ಲ. ನನಗೆ ಗೊತ್ತಿದೆ.

ಸೂಜಿ ಹಾಕಿಸಿಕೊಂಡು ನೀನು ಮನೆಗೆ ಬಂದೆ. ಅವ್ವ ಮಾತು ಬಿಟ್ಟಿದ್ದಳು, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಅಪ್ಪ ಹೊಲದಿಂದ ಬರುತ್ತಿರಲಿಲ್ಲ. ನಿನ್ನನ್ನು ಎತ್ತಿಕೊಳ್ಳಲು ನಾನೊಬ್ಬಳೇ. ನನಗೆ ಹನ್ನೊಂದು ವರ್ಷ. ನೀನು ಮಧ್ಯಾಹ್ನವೆಲ್ಲ ಅಳುತ್ತಿದ್ದೆ. ಜೋಗುಳ ನನಗೆ ಒಂದೂ ಬರುತ್ತಿರಲಿಲ್ಲ. ಕಿವಿಯಲ್ಲಿ ಇದ್ದದ್ದು ಒಂದೇ ಹಾಡು. ಹಿತ್ತಲ ಬೇವಿನ ಕೆಳಗೆ ನಿನ್ನನ್ನು ಹೆಗಲಿಗೆ ಹಾಕಿಕೊಂಡು ಅದನ್ನೇ ಹಾಡಿದೆ, ಯಾರಿಗೂ ಕೇಳಿಸದಷ್ಟು ಸಣ್ಣಗೆ. ಬದುಕಿದ್ದ ಕೂಸಿಗೆ ಆ ಪದ ಹೇಳಬಾರದೆಂದು ನನಗೆ ಗೊತ್ತಿತ್ತು. ಪ್ರತಿ ಸಲವೂ ಹೆದರಿಕೆಯಾಗುತ್ತಿತ್ತು, ನೀನು ಮತ್ತೆ ಏಳುವುದಿಲ್ಲವೇನೋ ಎಂದು. ನೀನು ನಿದ್ದೆ ಹೋಗುತ್ತಿದ್ದೆ. ನಾನು ನಿನ್ನ ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತಿದ್ದೆ, ಉಸಿರು ಇದೆ. ಮರುದಿನ ಮತ್ತೆ ಅದೇ ಹಾಡು. ನೀವು ನಾಶಿಕಕ್ಕೆ ಹೋಗುವ ತನಕ, ಸುಮಾರು ಮೂರು ವರ್ಷ. ನನ್ನನ್ನು ಅಜ್ಜಿಯ ಹತ್ತಿರ ಬಿಟ್ಟು ಹೊರಟ ದಿನ ನೀನು ಗಾಡಿಯಲ್ಲಿ ಕುಳಿತು ಅದನ್ನು ತೊದಲುತ್ತಿದ್ದೆ. ಅಪ್ಪ ನಿನ್ನ ಬಾಯಿಯ ಮೇಲೆ ಕೈ ಇಟ್ಟ.

ಆದ್ದರಿಂದ ಎರಡು ವರ್ಷ ನಿನ್ನನ್ನು ರಟ್ಟೆ ಹಿಡಿದು ಎಬ್ಬಿಸಿ ಬರೆಸಿದ್ದು ಅಪ್ಪನ ದನಿಯೇ ಎಂದು ನಾನು ಅನ್ನುವುದಿಲ್ಲ. ಮತ್ತೆ ಹಚ್ಚುತ್ತೀಯೋ ಬಿಡುತ್ತೀಯೋ ಅದು ನಿನಗೆ ಬಿಟ್ಟದ್ದು.

ಇದು ಸುಳ್ಳಲ್ಲ. ಆದರೆ ಇದನ್ನು ಕಾದಂಬರಿಗೆ ಹಾಕಬೇಡ ಬಸು. ಆ ಅರ್ಧ ಪುಟಕ್ಕೆ ಬೇರೆ ಏನಾದರೂ ಹುಡುಕು. ಇದು ನನ್ನದು.

ಮಲ್ಲಮ್ಮ